ಬ್ರಾಂಚ್ ಲೈನಿನ ತುದಿಯ ಸಾಮಿಲ್ಲು

ಎಲ್ಡನ್ ರಾಸ್ಮುಸೆನ್‌ನ ಎದೆಗೂಡಿನ ಕೆಳಗೆ ಆ ಚಳಿಗಾಲದ ಕೊನೆಯಲ್ಲಿ ಉರಿಯುತ್ತಿತ್ತು. ಡಾಕ್ಟರು ಅದಕ್ಕೆ ಆಸಿಡಿಟಿ ಎಂದು ಹೆಸರಿಟ್ಟು ಗುಳಿಗೆ ಬರೆದುಕೊಟ್ಟರು. ಗುಳಿಗೆಗೆ ಬಗ್ಗುವ ಉರಿಯೇ ಅದು! ಅದರ ನಿಜವಾದ ಹೆಸರು ಗ್ವೆನ್ ಹಾಸ್ಕಿನ್ಸ್ ಎಂದು ಅವನ ಹೆಂಡತಿ ಬರ್ನೀಟಾಗೆ ಚೆನ್ನಾಗಿ ಗೊತ್ತಿತ್ತು.

ಗ್ವೆನ್ ನಮ್ಮೂರು ಸ್ಪ್ರೂಸ್ ಬೆಂಡಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಪೋರ್ಟ್‌ಲ್ಯಾಂಡಿನಲ್ಲಿ ಬದುಕಿಡೀ ಕಟ್ಟುಹಲ್ಲು ತಯಾರಿಸಿ, ನಿವೃತ್ತಳಾಗಿ, ಸಮುದ್ರದ ಗಾಳಿ ಬೇಕೆಂದು ಇಲ್ಲಿ ಮನೆ ಮಾಡಿದ ಹೆಂಗಸು. ಬಂದವಳು ಸುಮ್ಮನೆ ಗಾಳಿ ಕುಡಿದುಕೊಂಡು ಇರಬಾರದಿತ್ತೇ? ಆಟಿಕೆ ರೈಲಿನ ಕ್ಲಬ್ಬು ಸೇರಿದಳು. ಆಟಿಕೆ ಎಂದರೆ ಎಲ್ಡನ್‌ಗೆ ಸಿಟ್ಟು ಬರುತ್ತದೆ, ಮಾದರಿ ರೈಲು ಅನ್ನಬೇಕಂತೆ. ಅನ್ನೋಣ, ನಮ್ಮ ಗಂಟೇನು ಹೋಗಬೇಕು.

ಫಿನ್‌ಲ್ಯಾಂಡಿನಿಂದ ವಲಸೆ ಬಂದವರು ಕಟ್ಟಿದ ಹಳೆಯ ಸಭಾಭವನದ ಹಿಂದಿನ ಕೋಣೆಯಲ್ಲಿ ಕ್ಲಬ್ಬು. ಅಲ್ಲಿ ಸೊಂಟದೆತ್ತರದ ಮೇಜುಗಳ ಮೇಲೆ ಇಡೀ ಒಂದು ರೈಲ್ವೆ ಇದೆ. ಬಂದರಿನಲ್ಲಿ ಹೊರಟು, ನದಿ ದಾಟಿ, ಬೆಟ್ಟ ಸುತ್ತಿ, ಕೊನೆಗೆ ಕವಲೊಡೆದು ಒಂದು ಬ್ರಾಂಚ್ ಲೈನು ಬಾಗಿಲ ಪಕ್ಕದ ಮೂಲೆಯಲ್ಲಿ ಬಂದು ನಿಲ್ಲುತ್ತದೆ. ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಬೆಟ್ಟದಿಂದ ಮರದ ದಿಮ್ಮಿ ಹೊತ್ತು ತರುವ ಲೈನಿಗೆ ಆ ಮೂಲೆಯಲ್ಲಿ ಅದನ್ನು ಕೊಯ್ಯುವ ಒಂದು ಸಾಮಿಲ್ಲು ಬೇಕೇ ಬೇಕು. ಆದರೆ ಅಲ್ಲಿ ಇದ್ದದ್ದು ಕಾರ್ನ್‌ಫ್ಲೇಕ್ಸಿನ ಖಾಲಿ ಡಬ್ಬ.

ಕ್ಲಬ್ಬಿನ ಪದ್ಧತಿ ಅದು. ಒಂದು ಕಟ್ಟಡ ಮಾಡಿಕೊಡುತ್ತೇನೆಂದು ಒಪ್ಪಿದವನು ಅದು ಮುಗಿಯುವವರೆಗೆ ಆ ಜಾಗದಲ್ಲಿ ಖಾಲಿ ಡಬ್ಬ ಇಟ್ಟು ಮೇಲೆ ತನ್ನ ಹೆಸರು ಬರೆಯಬೇಕು. ಬಸ್ಸಿನ ಸೀಟಿಗೆ ಟವಲ್ಲು ಹಾಕಿದ ಹಾಗೆ. ಡಬ್ಬ ಇರುವಷ್ಟು ದಿನ ಆ ಜಾಗಕ್ಕೆ ಬೇರೆ ಯಾರೂ ಕೈ ಹಾಕುವಂತಿಲ್ಲ. ‘ಎಲ್ಡನ್‌ನ ಮಿಲ್ಲು’ ಎಂದು ಬರೆದಿದ್ದ ಆ ಡಬ್ಬದ ಬಣ್ಣ ಮಾಸಿ ವರ್ಷಗಳೇ ಆಗಿದ್ದವು. ರೈಲುಗಳು ಮಾತ್ರ ಪಾಪ, ಅದರ ಮುಂದೆ ಗಂಭೀರವಾಗಿ ನಿಂತು ದಿಮ್ಮಿ ಇಳಿಸಿ ಹೋಗುತ್ತಿದ್ದವು.

ಎಲ್ಡನ್ ಸೋಮಾರಿಯಲ್ಲ. ಮನೆಯ ಗ್ಯಾರೇಜಿನಲ್ಲಿ ಅವನ ಮಿಲ್ಲು ಎಷ್ಟೋ ಸಲ ಎದ್ದಿತ್ತು, ಎದ್ದಾಗಲೆಲ್ಲ ಯಾವುದೋ ಗೋಡೆ ಕೂದಲೆಳೆಯಷ್ಟು ವಾಲಿದೆ ಎಂದು ಅವನೇ ಕೆಡವಿದ್ದ. ಬೆಂಕಿಕಡ್ಡಿಗಿಂತ ತೆಳ್ಳನೆಯ ಹಲಗೆಗಳನ್ನು ಒಂದೊಂದಾಗಿ ಕತ್ತರಿಸಿ, ಪಾತ್ರೆ ತಿಕ್ಕುವ ಕಬ್ಬಿಣದ ನಾರು ನೆನೆಸಿಟ್ಟ ವಿನೆಗರಿನಲ್ಲಿ ಅದ್ದುತ್ತಿದ್ದ. ಮಳೆಯಲ್ಲಿ ನಿಂತು ನಿಂತು ಬೂದುಗಟ್ಟಿದ ಮರದ ಬಣ್ಣ ಅದರಿಂದ ಬರುತ್ತದೆ. ನಿಜವಾದ ಮರದ ಹೊಟ್ಟು ಅಷ್ಟು ಚಿಕ್ಕ ಮಿಲ್ಲಿನಲ್ಲಿ ಸೌದೆ ಚೂರಿನಂತೆ ಕಾಣುತ್ತದೆಂದು ಅದನ್ನು ಬರ್ನೀಟಾಳ ಕಾಫಿ ಬೀಸುವ ಯಂತ್ರಕ್ಕೆ ಹಾಕಿದ್ದ. ವಾರವಿಡೀ ಮನೆಯ ಕಾಫಿಯಲ್ಲಿ ಫರ್ ಮರದ ವಾಸನೆ.

“ಅಲ್ಲ ಮಾರಾಯ, ನಿಜವಾದ ಮಿಲ್ಲು ಕಟ್ಟಿದೋರು ಇಷ್ಟು ಹೊತ್ತಿಗೆ ಕಟ್ಟಿ, ಕಾಡೆಲ್ಲ ಕೊಯ್ದು, ಬಾಗಿಲು ಹಾಕ್ಕೊಂಡೂ ಹೋಗಿದ್ರು,” ಎಂದಿದ್ದಳು ಬರ್ನೀಟಾ.

ಇಷ್ಟೆಲ್ಲ ಯಾಕೆ? ಒರ್ವಿಲ್ ಟಿಕ್ಕನೆನ್ ಒಂದು ಸಲ ‘ಭೇಷ್’ ಅನ್ನಲಿ ಎಂದು. ಒರ್ವಿಲ್ ಊರಿಗೆ ಟಪಾಲು ಹಂಚಿ ನಿವೃತ್ತನಾದವನು. ಅವನೂ ಎಲ್ಡನ್ನೂ ಸೇರಿಯೇ ಕ್ಲಬ್ಬಿನ ಮೊದಲ ಹಳಿ ಹಾಕಿದ್ದು. ಶನಿವಾರ ಬಂತೆಂದರೆ ಒರ್ವಿಲ್ ಎಲ್ಡನ್‌ನ ಗ್ಯಾರೇಜಿನಲ್ಲಿ ಸ್ಟೂಲು ಎಳೆದುಕೊಂಡು ಕೂರಬೇಕು, ಕಾಫಿ ಹೀರುತ್ತ ಹಲಗೆ ಹಲಗೆಗೂ ತಕರಾರು ತೆಗೆಯಬೇಕು. ಆ ತಕರಾರಿಲ್ಲದಿದ್ದರೆ ಎಲ್ಡನ್‌ಗೆ ಕೈಯೇ ಓಡುತ್ತಿರಲಿಲ್ಲ.

ಫೆಬ್ರವರಿಯ ಸಭೆಗೆ ಗ್ವೆನ್ ಒಂದು ಹಲಗೆಯ ಮೇಲೆ ಕಂಬಳಿ ಮುಚ್ಚಿಕೊಂಡು ಏನನ್ನೋ ಹೊತ್ತು ತಂದಳು.

“ಸುಮ್ನೆ ಕೈ ತುರಿಕೆಗೆ ಮಾಡಿದ್ದು. ಎಲ್ಲಾದ್ರೂ ಹಿಂದುಗಡೆ ಇಡಬಹುದೇನೋ ನೋಡಿ,” ಎಂದು ಕಂಬಳಿ ತೆಗೆದಳು. ಸಾಮಿಲ್ಲು!

ಎಲ್ಡನ್ ತಪ್ಪು ಹುಡುಕಲೆಂದೇ ಬಾಗಿದ. ದಿಮ್ಮಿ ತೇಲುವ ಕೊಳದ ನೀರು ಕೆಸರುಗಂದಾಗಿ, ದಡದಲ್ಲಿ ತೊಗಟೆಯ ಕೆನೆ ಕಟ್ಟಿಕೊಂಡು ನಿಂತಿತ್ತು. ತಗಡಿನ ಮಾಡಿನಲ್ಲಿ ತುಕ್ಕು ಎಲ್ಲಿಂದ ಶುರುವಾಗಬೇಕೋ ಅಲ್ಲಿಂದಲೇ ಶುರುವಾಗಿತ್ತು. ಹೊಟ್ಟು ಸುಡುವ ಗೋಪುರದ ನೆತ್ತಿಯ ಜಾಲರಿ ಮಸಿ ಹಿಡಿದಿತ್ತು. ಒಂದು ಗೋಡೆಯಾದರೂ ವಾಲಬಾರದೇ? ವಾಲಿತ್ತು, ಮುದಿ ಮಿಲ್ಲು ವಾಲುವ ಹಾಗೆಯೇ ವಾಲಿತ್ತು. ಅವನ ಮೈಯೆಲ್ಲ ಉರಿದುಹೋಯಿತು. ಇವಳಿಗೆ ಒಂದೇ ಒಂದು ಚಳಿಗಾಲ ಸಾಕಾಯಿತೇ!

ಒರ್ವಿಲ್ ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ “ಭೇಷ್” ಎಂದ. ಎಲ್ಡನ್‌ಗೆ ಕಪಾಳಕ್ಕೆ ಬಾರಿಸಿದಂತಾಯಿತು. ಅಷ್ಟಕ್ಕೆ ಮುಗಿಯಲಿಲ್ಲ, ಒರ್ವಿಲ್ ಮೂಲೆಗೆ ಹೋಗಿ ಆ ಡಬ್ಬವನ್ನು ತನ್ನ ಕೈಯಾರೆ ಎತ್ತಿದ.

“ಏನ್ ಮಾಡ್ತಿದ್ದೀಯ ನೀನು?” ಎಂದ ಎಲ್ಡನ್.

“ಬೇಜಾರು ಮಾಡ್ಕೋಬೇಡ ಕಣೋ. ಕಣ್ಣು ದಿನದಿನಕ್ಕೆ ಮಂಜಾಗ್ತಿದೆ ನಂಗೆ. ಪೂರ್ತಿ ಹೋಗೋದ್ರೊಳಗೆ ಈ ಮೂಲೇಲಿ ಒಂದು ಮಿಲ್ಲು ನೋಡ್ಬೇಕು. ಎಷ್ಟು ದಿನ ಅಂತ ಡಬ್ಬ ನೋಡ್ಲಿ?”

“ನಂದು ಮುಗೀತಾ ಬಂತಲ್ಲೋ!”

“ಆ ಮಾತನ್ನ ನೀನು ಮೊದಲು ಹೇಳಿದಾಗ ನನ್ನ ತಲೇಲಿ ಕೂದಲಿತ್ತು.”

ಎಲ್ಲರೂ ಗೊಳ್ಳೆಂದರು. ಎಲ್ಡನ್ನೂ ಹಲ್ಲು ಬಿಟ್ಟ, ನಗೆ ಮಾತ್ರ ಬರಲಿಲ್ಲ. ಕೈಯೆತ್ತಿ ಮತ ಹಾಕಿದ್ದಾಯಿತು. ಮಾರ್ಚಿನಲ್ಲಿ ಊರಿಗೆಲ್ಲ ಬಾಗಿಲು ತೆರೆಯುವ ಪ್ರದರ್ಶನದ ಹೊತ್ತಿಗೆ ಗ್ವೆನ್‌ಳ ಮಿಲ್ಲು ಆ ಮೂಲೆಯಲ್ಲಿ ಕೂರಬೇಕು ಎಂದು ತೀರ್ಮಾನವಾಯಿತು.

ಮೂಲೆ ಹೋದದ್ದನ್ನಾದರೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಮುಂದಿನ ಶನಿವಾರ ಒರ್ವಿಲ್ ಗ್ಯಾರೇಜಿಗೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಕಾಫಿ ಆರಿತು, ಸ್ಟೂಲು ಖಾಲಿ. ಎಲ್ಡನ್ ಅಂಗಡಿಗೆಂದು ಹೊರಟವನು ಅಂಗಡಿಗೆ ದಾರಿಯೇ ಅಲ್ಲದ ಗ್ವೆನ್‌ಳ ಬೀದಿಗೆ ಕಾರು ತಿರುಗಿಸಿದ. ಅವಳ ಅಡುಗೆಮನೆಯ ಕಿಟಕಿಯಲ್ಲಿ ಒರ್ವಿಲ್‌ನ ಬೋಳುತಲೆ, ಅದರ ಪಕ್ಕದಲ್ಲಿ ಅವಳ ಬಿಳಿ ಗುಂಗುರು ತಲೆ, ಎರಡೂ ಒಂದೇ ದೀಪದ ಕೆಳಗೆ ಬಾಗಿದ್ದವು.

ಒರ್ವಿಲ್ ಕ್ಲಬ್ಬಿನಲ್ಲಿ ಸಿಕ್ಕಾಗ ಎಲ್ಡನ್ ತಡೆಯಲಾರದೆ ಕೇಳಿಯೇಬಿಟ್ಟ. “ಏನಯ್ಯ, ಹಲ್ಲಿನವಳ ಮನೇಲಿ ಏನು ಅಷ್ಟೊಂದು ಕೆಲಸ?”

“ಇದೆ ಕಣೋ ಒಂದು. ಪ್ರದರ್ಶನದ ದಿನ ನೋಡುವೆಯಂತೆ,” ಎಂದು ಒರ್ವಿಲ್ ಕಣ್ಣು ಮಿಟುಕಿಸಿದ.

“ಆ ಹೆಂಗಸು ಅವನನ್ನ ಬುಟ್ಟಿಗೆ ಹಾಕ್ಕೊಂಡಿದಾಳೆ,” ಎಂದು ಎಲ್ಡನ್ ಮನೆಗೆ ಬಂದು ಹಾರಾಡಿದ.

ಬರ್ನೀಟಾ ಆಲೂಗೆಡ್ಡೆ ಹೆರೆಯುತ್ತಿದ್ದವಳು ತಲೆ ಎತ್ತದೆ ಕೇಳಿದಳು, “ನಿಂಗೆ ಉರಿ ಮೂಲೆ ಹೋಗಿದ್ದಕ್ಕೋ, ಒರ್ವಿಲ್ ಹೋಗಿದ್ದಕ್ಕೋ?”

ಅವನು ಗುಳಿಗೆ ಎಲ್ಲಿಟ್ಟಿದ್ದೀಯ ಎಂದು ಕೇಳಿದ.

ಪ್ರದರ್ಶನದ ಹಿಂದಿನ ಮಧ್ಯಾಹ್ನ ಧೂಳು ಹೊಡೆಯುವ ಸರದಿ ಎಲ್ಡನ್‌ನದಾಗಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೌದೆ ಒಲೆ ಹೊತ್ತಿಸಿ, ಮೆತ್ತನೆ ಕುಂಚ ಹಿಡಿದು ಬಂದರಿನಿಂದ ಶುರು ಮಾಡಿ ಬ್ರಾಂಚ್ ಲೈನಿನ ತುದಿಗೆ ಬಂದ. ಆ ಮಿಲ್ಲಿನ ಮಾಡನ್ನು ಮುಚ್ಚಳದಂತೆ ಎತ್ತಬಹುದು. ಎತ್ತಬಾರದು ಎಂದುಕೊಂಡ. ಎತ್ತಿದ.

ಒಳಗೆ ಗೊಂಬೆಗಳಿದ್ದವು. ಇದೂ ಕ್ಲಬ್ಬಿನ ಪದ್ಧತಿ. ಸದಸ್ಯರ ಹೋಲಿಕೆಯ, ಹೆಬ್ಬೆರಳ ಉಗುರಿನಷ್ಟೆತ್ತರದ ಗೊಂಬೆ ಮಾಡಿ ಎಲ್ಲಾದರೂ ನಿಲ್ಲಿಸುತ್ತಾರೆ. ಆದರೆ ತನ್ನ ಗೊಂಬೆಯನ್ನು ತಾನು ಮಾಡಿಕೊಳ್ಳುವಂತಿಲ್ಲ, ಗೆಳೆಯನೊಬ್ಬ ಮಾಡಬೇಕು. ಒರ್ವಿಲ್ ಒಂದು ಕಾಲದಲ್ಲಿ ಎಲ್ಲರದನ್ನೂ ಮಾಡಿದ್ದ, ಎಲ್ಡನ್‌ನದೊಂದು ಬಿಟ್ಟು. “ನಿಂದು ನಿನ್ನ ಮಿಲ್ಲಲ್ಲೇ ನಿಲ್ಸೋಣ,” ಎಂದಿದ್ದ. ಮಿಲ್ಲೇ ಬರಲಿಲ್ಲ, ಆಮೇಲೆ ಒರ್ವಿಲ್‌ಗೆ ಕೈ ನಡುಕ ಬಂತು.

ದಿಮ್ಮಿಯನ್ನು ಗರಗಸಕ್ಕೆ ಒಡ್ಡುವ ಗಾಡಿಯ ಮೇಲೆ ಇಬ್ಬರು ಅಕ್ಕಪಕ್ಕ ನಿಂತಿದ್ದರು. ಒಂದು ಟೋಪಿ ಹಾಕಿಕೊಂಡು, ತೆಳ್ಳಗೆ, ನೆಟ್ಟಗೆ ನಿಂತ ಗೊಂಬೆ. ಬಣ್ಣವೆಂದರೆ ಬಣ್ಣ, ಅಂಗಿಯ ಗುಂಡಿ ಕೂಡ ಕಾಣುತ್ತಿತ್ತು. ಇನ್ನೊಂದು ಹೊಟ್ಟೆ ಮುಂದೆ, ಬೆನ್ನು ಗೂನು. ಮುಖದ ಬಣ್ಣ ಕಲಸಿಹೋಗಿ ಒಂದು ಕಣ್ಣು ಕೆನ್ನೆಗೆ ಇಳಿದಿತ್ತು. ಎಲ್ಡನ್‌ಗೆ ನೋಡಿದೊಡನೆ ಅರ್ಥವಾಯಿತು. ನೆಟ್ಟಗಿರುವುದು ಗ್ವೆನ್. ಗೂನುಬೆನ್ನಿನದು ಒರ್ವಿಲ್. ಒಂದು ತಿಂಗಳ ಗುಟ್ಟು ಇದೇ! ತಾನು ನಿಲ್ಲಬೇಕಾದ ಜಾಗದಲ್ಲಿ, ಒರ್ವಿಲ್‌ನ ಪಕ್ಕ, ಅವಳು ನಿಂತಿದ್ದಾಳೆ.

ಮೊದಲು ಅವನಿಗೆ ಖುಷಿಯೇ ಆಯಿತು. ಅಂತೂ ಒಂದು ತಪ್ಪು ಸಿಕ್ಕಿತು! ಇಷ್ಟು ಚಂದದ ಮಿಲ್ಲಿನಲ್ಲಿ ಇಷ್ಟು ಕೆಟ್ಟ ಗೊಂಬೆ. ತನ್ನನ್ನು ಯಾರ ಕೈಯಲ್ಲೋ ತಿದ್ದಿ ತೀಡಿಸಿಕೊಂಡು ಒರ್ವಿಲ್‌ನನ್ನು ಗೊಗ್ಗಯ್ಯನಂತೆ ಮಾಡಿಟ್ಟಿದ್ದಾಳಲ್ಲ, ಇವಳ ಕೈ ಸೇದಿಹೋಗ! ಖುಷಿ ಹೋಗಿ ಸಿಟ್ಟು ಏರಿತು. ನಾಳೆ ಊರಿನವರೆಲ್ಲ ಇವರಿಬ್ಬರ ಜೋಡಿ ನೋಡಿ ಆಹಾ ಓಹೋ ಅನ್ನಬೇಕೇ? ಬೇಕಾದರೆ ಅವಳೊಬ್ಬಳೇ ನಿಂತಿರಲಿ! ಜೇಬಿನಿಂದ ಸಣ್ಣ ಇಕ್ಕಳ ತೆಗೆದು ಗೂನುಗೊಂಬೆಯ ಸೊಂಟ ಹಿಡಿದು ಎಳೆದ. ಬರಲಿಲ್ಲ. ತಿರುಚಿದ. ಬರಲಿಲ್ಲ. ಹಲ್ಲು ಕಚ್ಚಿ ಜಗ್ಗಿದಾಗ ಲಟಕ್ಕೆಂದು ಪಾದದ ಗಂಟಿನಲ್ಲಿ ಮುರಿಯಿತು. ಗಾಡಿಯ ಮೇಲೆ ಎರಡು ಪುಟ್ಟ ಬೂಟುಗಳು ಉಳಿದುಕೊಂಡವು. ಗೊಂಬೆಯನ್ನು ಒಲೆಗೆ ಎಸೆದು, ಮಾಡು ಮುಚ್ಚಿದ. ಮನೆಗೆ ಹೋಗಿ ಚಿಪ್ಪುಮೀನಿನ ಸೂಪು ಎರಡು ಬಟ್ಟಲು ಕುಡಿದ. ಗುಳಿಗೆ ಬೇಕೆನಿಸಲಿಲ್ಲ.

ಬೆಳಿಗ್ಗೆ ಜನ ಆಗಲೇ ಮೆಟ್ಟಿಲ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಕಾಯುತ್ತಿದ್ದರು. ಬಾಗಿಲು ತೆರೆಯುವ ಮೊದಲು ಒರ್ವಿಲ್ ಸದಸ್ಯರನ್ನೆಲ್ಲ ಮೂಲೆಗೆ ಕರೆದ.

“ಬಾರೋ ಎಲ್ಡನ್, ಮುಂದೆ ಬಾ. ಡಬ್ಬ ತೆಗೆದಾಗಿಂದ ಮುಖ ಊದಿಸ್ಕೊಂಡಿದೀಯ. ಇದನ್ನ ನೋಡಿ ಇಳಿಸ್ಕೋ,” ಎನ್ನುತ್ತ ಮಾಡು ಎತ್ತಿ ಪಕ್ಕಕ್ಕಿಟ್ಟ. “ಆ ಗಾಡಿ ಮೇಲೆ ನೆಟ್ಟಗೆ ನಿಂತಿದಾನಲ್ಲ, ಅದು ನಾನು. ಗ್ವೆನ್ ಮಾಡಿದ್ದು. ಟಪಾಲು ಹಂಚ್ತಿದ್ದ ಕಾಲದ ಫೋಟೋ ಕೊಟ್ಟಿದ್ದೆ, ಅದಕ್ಕೇ ಅಷ್ಟು ಚೆಲುವ. ಪಕ್ಕದಲ್ಲಿರೋದು ನೀನು.”

ಎಲ್ಡನ್ ಒಲೆಯ ಕಡೆ ತಿರುಗಿ ನೋಡಿದ.

“ನಿನ್ನ ಮಾತ್ರ ಬೇರೆಯವರ ಕೈಗೆ ಕೊಡ್ಲಿಲ್ಲ ಕಣೋ. ಕಣ್ಣು ಕಾಣಲ್ಲ, ಕೈ ನಿಲ್ಲಲ್ಲ. ಇವಳು ದೀಪ ಹಿಡ್ಕೊಂಡು ‘ಬಲಕ್ಕೆ, ಎಡಕ್ಕೆ’ ಅಂತಿದ್ಲು, ನಾನು ಬಳೀತಿದ್ದೆ. ಶನಿವಾರಗಳೆಲ್ಲ ಅದಕ್ಕೇ ಹೋದ್ವು. ಮುಖ ಒಂಚೂರು ಕಲಸಿಹೋಯ್ತು, ಬೈಬೇಡ. ಬೆನ್ನು ಮಾತ್ರ ಸಾಕ್ಷಾತ್ ನಿಂದೇ. ಆ ಗ್ಯಾರೇಜಿನ ಮೇಜಿನ ಮೇಲೆ ಬಗ್ಗಿ ಬಗ್ಗಿ ಹಾಗಾಗಿದೆ ನೋಡು.”

ಯಾರೂ ನಗಲಿಲ್ಲ. ಒರ್ವಿಲ್ ತಡವರಿಸುತ್ತ ಬೆರಳನ್ನು ಗಾಡಿಯ ಮೇಲೆ ಆಡಿಸಿದ. “ಎಲ್ಲಿ? ಇಲ್ವಲ್ಲ!”

ಗ್ವೆನ್ ಬಗ್ಗಿ ನೋಡಿದಳು. ಆ ಎರಡು ಬೂಟುಗಳನ್ನು ನೋಡಿದಳು. ತಲೆ ಎತ್ತಿದವಳ ಕಣ್ಣು ನೇರ ಎಲ್ಡನ್‌ನ ಮುಖಕ್ಕೆ ಬಂತು. ಅವಳಿಗೆ ತಿಳಿಯಿತು ಎಂದು ಅವನಿಗೂ ತಿಳಿಯಿತು.

“ಬಿದ್ಹೋಗಿರ್ಬೇಕು ಒರ್ವಿಲ್,” ಎಂದಳು ಮೆಲ್ಲಗೆ. “ರೈಲು ಓಡೋವಾಗ ಮೇಜು ಅದುರುತ್ತಲ್ಲ. ಇಲ್ಲೇ ಎಲ್ಲೋ ಇರುತ್ತೆ, ಹುಡುಕೋಣ.”

ಇಬ್ಬರು ಮೂವರು ಆಗಲೇ ಟಾರ್ಚು ಹಿಡಿದು ಮೇಜಿನಡಿ ಮಂಡಿಯೂರಿದರು. ಎಲ್ಡನ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಗ್ವೆನ್ ಅವನಿಗೆ ತಪ್ಪಿಸಿಕೊಳ್ಳುವ ದಾರಿ ಬಿಟ್ಟುಕೊಟ್ಟಿದ್ದಳು. ಅವಳೇ ಬಿಟ್ಟುಕೊಟ್ಟಳಲ್ಲ ಎಂಬುದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

“ಹುಡುಕೋದು ಬೇಡ ಬಿಡಿ,” ಎಂದ ಒರ್ವಿಲ್. “ಅಂಟು ಹಾಕಿದ್ದು ನಾನೇ. ಈ ದರಿದ್ರ ಕೈಗೆ ಒಂದು ತೊಟ್ಟು ಅಂಟು ಸರಿಯಾಗಿ ಹಾಕೋಕೂ ಬರ್ಲಿಲ್ಲ. ಇನ್ನೊಂದು ಮಾಡೋದು ನನ್ನಿಂದ ಆಗಲ್ಲ ಎಲ್ಡನ್. ತಪ್ಪು ತಿಳ್ಕೋಬೇಡಪ್ಪ.” ನಡುಗುವ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಹಾಕಿ ಬಚ್ಚಿಟ್ಟುಕೊಂಡ.

ಹೊರಗೆ ಮಕ್ಕಳು ಬಾಗಿಲು ಬಡಿಯತೊಡಗಿದ್ದರು. ಎಲ್ಡನ್ ಒರ್ವಿಲ್‌ನ ಪಕ್ಕಕ್ಕೆ ಹೋಗಿ ನಿಂತ.

“ನಿನ್ನ ಅಂಟು ಚೆನ್ನಾಗೇ ಹಿಡಿದಿತ್ತು ಕಣೋ ಒರ್ವಿಲ್,” ಎಂದ. “ಇಕ್ಕಳ ಹಾಕಿ ಜಗ್ಗಿದ್ರೂ ಬೂಟು ಅಲ್ಲಾಡ್ಲಿಲ್ಲ.”