ಹೊಟ್ಟೆ ಬಂತು, ಇನ್ನೊಂದ್ಸಲ ಓದಿ

ಗುಳುಗುಳು, ಗುರ್ರ್ — ಕುರ್ಚಿಯಲ್ಲ, ಕುರ್ಚಿಯ ಕೀಲಿಗೆ ಎಣ್ಣೆ ಬಿಟ್ಟಾಗಿದೆ, ಫ್ಯಾನ್ ಆರಿಸಿಯಾಗಿದೆ, ಬಳೆಗಳನ್ನು ಹೊರಗಿನ ಮೇಜಿನ ಮೇಲೆ ಬಿಚ್ಚಿಟ್ಟು ಬಂದಿದ್ದಾಳೆ, ಈ ಪುಟ್ಟ ಕೋಣೆಯಲ್ಲಿ ಸದ್ದು ಮಾಡಲು ಉಳಿದಿರುವುದು ಅವಳ ಹೊಟ್ಟೆಯೊಂದೇ, ಅದೂ ಎಂಥ ಮರ್ಯಾದಸ್ಥ ಹೊಟ್ಟೆ, ಅವಳು ಸಾಲು ಮುಗಿಸುವವರೆಗೆ ತೆಪ್ಪಗೆ ಕಾದು, ಪೂರ್ಣವಿರಾಮದ ಮೌನ ಬಂತೋ ಇಲ್ಲವೋ, ಮಹಡಿಯಲ್ಲಿ ಯಾರೋ ಖಾಲಿ ಕೊಡ ಉರುಳಿಸಿದ ಹಾಗೆ — ಗಾಜಿನಾಚೆ ರೆಕಾರ್ಡಿಂಗ್ ಮಾಡುವವನ ಹುಬ್ಬು ಮೇಲೇರುತ್ತದೆ, ಅವಳು ಮನಸ್ಸಿನಲ್ಲೇ ಅವನಿಗಿಟ್ಟ ಹೆಸರು ಹೆಡ್‌ಫೋನಣ್ಣ, ಏಳು ವರ್ಷವಾಯಿತು, ಅವನ ಕಿವಿ ಹೇಗಿದೆ ಅಂತ ಇನ್ನೂ ಸರಿಯಾಗಿ ಕಂಡಿಲ್ಲ, ಈಗ ಹೇಳುತ್ತಾನೆ, ಹೇಳೇಬಿಟ್ಟ, ಹೊಟ್ಟೆ ಬಂತು ಮೇಡಂ, ಇನ್ನೊಂದ್ಸಲ ಓದಿ. ಸಾರಿ ಅಣ್ಣ. ಸಾರಿ ಯಾಕೆ, ದಿಂಬು ಇನ್ನೂ ಸ್ವಲ್ಪ ಕೆಳಗೆ ಒತ್ಕೊಳ್ಳಿ. ದಿಂಬು ಅವನದೇ, ಹೋದ ವಾರ ಮನೆಯ ಸೋಫಾದಿಂದ ಕದ್ದು ತಂದದ್ದು, ನನ್ನ ಹೆಂಡತಿ ಮೂರು ದಿನದಿಂದ ಪಕ್ಕದ ಮನೆ ನಾಯಿ ಮೇಲೆ ಅನುಮಾನ ಪಡ್ತಿದಾಳೆ, ನೀವು ಬಾಯಿ ಬಿಡ್ಬೇಡಿ ಅಂದಿದ್ದ, ಅವಳು ದಿಂಬನ್ನು ಕಿಬ್ಬೊಟ್ಟೆಗೆ ಒತ್ತಿಕೊಳ್ಳುತ್ತಾಳೆ, ಗೋಡೆಗೆಲ್ಲ ಹಳೇ ಹಾಸಿಗೆ ಬಡಿದ ಕೋಣೆ, ಒಂದು ಕಾಲದಲ್ಲಿ ಸಾಮಾನು ತುಂಬಿಡುತ್ತಿದ್ದದ್ದು, ಮೈಕಿನ ಮುಂದೆ ಹತ್ತನೇ ಪಾಠ, ಗಾಳಿ ಎಂದರೇನು ಮಕ್ಕಳೇ, ಗಾಳಿ ಕಣ್ಣಿಗೆ ಕಾಣುವುದಿಲ್ಲ, ಕಣ್ಣು ಕಾಣದ ಮಕ್ಕಳ ಶಾಲೆಗೆ ಕಳಿಸುವ ರೆಕಾರ್ಡಿಂಗಿಗೆ ಈ ಸಾಲು ಓದುವಾಗ ಒಂದು ಕ್ಷಣ ತಡವರಿಸುತ್ತಾಳೆ, ಪರವಾಗಿಲ್ಲ, ಅವರಿಗೆ ಗಾಳಿ ನಮಗಿಂತ ಚೆನ್ನಾಗಿಯೇ ಗೊತ್ತಿರುತ್ತದೆ, ಅವಳಿಗಂತೂ ಹತ್ತೊಂಬತ್ತು ದಿನದಿಂದ ಗಾಳಿ ಎಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಹತ್ತೊಂಬತ್ತು ದಿನ, ಅಂಗಿಯ ಗುಂಡಿಯಷ್ಟೂ ಇಲ್ಲದ ಬಿಳಿ ಮಾತ್ರೆ, ಮನಸ್ಸಿಗೆಂದು ಬರೆದುಕೊಟ್ಟದ್ದು ಹೋಗಿ ಕದ ತಟ್ಟಿದ್ದು ಹೊಟ್ಟೆಯದ್ದು, ಮೊದಲ ವಾರ ಹಲ್ಲುಜ್ಜುವ ಪೇಸ್ಟಿನ ವಾಸನೆಗೂ ಓಕರಿಕೆ, ಎರಡನೇ ವಾರ ಮೇಲಿನ ಗಲಾಟೆ ಕೆಳಗಿಳಿಯಿತು, ಮನೆಯಿಂದ ಇಲ್ಲಿಗೆ ನಲವತ್ತು ನಿಮಿಷದ ದಾರಿ, ಆ ದಾರಿಯ ಶೌಚಾಲಯಗಳ ಬಗ್ಗೆ ಪರೀಕ್ಷೆ ಇಟ್ಟರೆ ಅವಳೇ ಮೊದಲು, ಪೆಟ್ರೋಲ್ ಬಂಕಿನದಕ್ಕೆ ಚಿಲಕವಿಲ್ಲ, ಕಾಲು ಚಾಚಿ ಬಾಗಿಲು ಒತ್ತಿ ಹಿಡಿಯಬೇಕು, ಲೈಬ್ರರಿಯದರ ಕೀಲಿಕೈ ಅಟೆಂಡರ್ ಹತ್ತಿರ, ಆತ ಮೊದಲು ಯಾವ ಪುಸ್ತಕ ಬೇಕಮ್ಮ ಅನ್ನುತ್ತಾನೆ, ಅಂಥ ಹೊತ್ತಿನಲ್ಲಿ ಯಾವ ಪುಸ್ತಕ ಅಂತ ಹೇಳುವುದು. ಡಾಕ್ಟರಮ್ಮ ಮೊದಲೇ ಹೇಳಿದ್ದರು, ಎರಡು ಮೂರು ವಾರ ಹೊಟ್ಟೆ ರಂಪ ಮಾಡುತ್ತೆ, ಸಾಮಾನ್ಯವಾಗಿ ಆಮೇಲೆ ಹೊಂದಿಕೊಳ್ಳುತ್ತೆ, ಖಾಲಿ ಹೊಟ್ಟೇಲಿ ನುಂಗ್ಬೇಡ, ತಟ್ಟೆ ತುಂಬಾ ಬಡಿಸ್ಕೋಬೇಡ, ಸ್ವಲ್ಪ ಸ್ವಲ್ಪಾನೇ ನಾಲ್ಕೈದು ಸಲ ತಿನ್ನು, ತೀರಾ ತಡೆಯಕ್ಕಾಗಲ್ಲ ಅಂದ್ರೆ ನಂಗೆ ಫೋನ್ ಮಾಡು, ನೀನಾಗೇ ನಿಲ್ಲಿಸ್ಬೇಡ, ಆಯ್ತಾ. ಆಯ್ತು ಅಂದಿದ್ದಳು. ಇವತ್ತು ಬೆಳಿಗ್ಗೆ ನಿಲ್ಲಿಸಿದ್ದಾಳೆ. ಬ್ರೆಡ್ಡು ತಿಂದು, ನೀರಿನ ಲೋಟ ಕೈಯಲ್ಲಿ ಹಿಡಿದು, ಮಾತ್ರೆಯ ಶೀಟನ್ನು ಬ್ಯಾಗಿನ ತಳಕ್ಕೆ ತುರುಕಿಬಿಟ್ಟಳು, ಇವತ್ತೂ ಇಲ್ಲ, ನಾಳೆಯೂ ಇಲ್ಲ, ಯಾಕೆಂದರೆ ನಿನ್ನೆ ಆಫೀಸಿನ ಗುಮಾಸ್ತ ಫೋನ್ ಮಾಡಿ, ಮೇಡಂ, ನಿಮ್ದೊಂದು ಪಾಠ ಶಾಲೆಯಿಂದ ವಾಪಸ್ ಬಂದಿದೆ, ಮತ್ತೆ ಓದಿ ಕಳಿಸ್ಬೇಕಂತೆ, ಅಂದ, ಯಾವ ಪಾಠ ಅಂತ ಅವಳು ಕೇಳಲಿಲ್ಲ, ಕೇಳುವುದೇನು, ಒಂಬತ್ತನೆಯದೇ, ಮಾತ್ರೆಯ ಎರಡನೇ ವಾರ ಓದಿದ್ದು, ಅರ್ಧ ಪುಟಕ್ಕೆ ಹನ್ನೊಂದು ಸಲ ಹೊಟ್ಟೆ ಬಂದಿತ್ತು, ಏಳು ವರ್ಷದಲ್ಲಿ ಒಂದೂ ಪಾಠ ವಾಪಸ್ ಬಂದಿರಲಿಲ್ಲ, ಇರುವುದೇ ಒಂದು ಧ್ವನಿ, ಮನಸ್ಸು ರಿಪೇರಿ ಮಾಡಿಸಲು ಹೋಗಿ ಅದನ್ನೂ ಕಳೆದುಕೊಂಡರೆ ಆ ರಿಪೇರಿಯಾದ ಮನಸ್ಸನ್ನು ಎಲ್ಲಿ ಕೂರಿಸುವುದು —

ಎರಡೂ ಕೈ ದಿಂಬಿನ ಮೇಲೆ, ಅಜ್ಜಿ ಹೀಗೇ ಹಿಡಿಯುತ್ತಿದ್ದಳು, ದಿಂಬನ್ನಲ್ಲ, ಅವಳ ತಲೆಯನ್ನು, ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಚಾಪೆಯ ಮೇಲೆ, ಅಜ್ಜಿಯ ಹೊಟ್ಟೆಯೇ ಅವಳ ದಿಂಬು, ಹತ್ತಿ ಸೀರೆಯ ನೆರಿಗೆ ಕೆನ್ನೆಯ ಮೇಲೆ ಅಚ್ಚೊತ್ತುತ್ತಿತ್ತು, ಅಜ್ಜಿಯ ಕಣ್ಣಿಗೆ ಆಗಲೇ ಮಂಜು, ವಾರಪತ್ರಿಕೆಯ ಧಾರಾವಾಹಿ ಓದಿಹೇಳುವುದು ಅವಳ ಪಾಲಿನ ಕೆಲಸ, ಒಂದು ಕಿವಿಗೆ ತನ್ನದೇ ಧ್ವನಿ, ಇನ್ನೊಂದು ಕಿವಿಗೆ ಅಜ್ಜಿಯ ಹೊಟ್ಟೆ, ಗುಡುಗುಡು, ಕಿರ್ರ್, ಅಜ್ಜೀ, ಒಳಗೆ ಯಾರು. ಇನ್ಯಾರು, ನಿಮ್ಮ ತಾತ, ಸತ್ರೂ ಬಿಡ್ಲಿಲ್ಲ ನನ್ನ, ಮಂಚ ಎಳ್ಕೊಂಡು ಓಡಾಡ್ತಿದಾರೆ. ಇದು ಯಾರು ಅಜ್ಜಿ, ಈಗ ಕುಯ್ ಅಂತು. ಅದು ನಿಮ್ಮಮ್ಮನ ಅಡುಗೆ, ಹೊರಗೆ ಹೋಗೋ ದಾರಿ ಯಾವ್ದು ಅಂತ ವಿಚಾರಿಸ್ತಿದೆ. ಅಡುಗೆಮನೆಯಿಂದ ಅಮ್ಮ, ಕೇಳಿಸ್ತು ಅತ್ತೆ. ಕೇಳಿಸ್ಲಿ ಅಂತಾನೇ ಅಂದಿದ್ದು. ಹೊಟ್ಟೆಯ ಸದ್ದಿಗೆ ನಾಚಿಕೊಳ್ಳಬೇಕು ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ, ಮತ್ತು ಆ ಹಸಿವು, ಎಂಥ ಹಸಿವು ಅದು, ಶಾಲೆಯಿಂದ ಬಂದು ಚೀಲವನ್ನು ಬಾಗಿಲಲ್ಲೇ ಎಸೆದು, ನಿಂತಲ್ಲೇ ಡಬ್ಬಕ್ಕೆ ಕೈ ಹಾಕಿ, ಇವಳಿಗೆ ತಟ್ಟೆ ಯಾಕಮ್ಮ, ಡಬ್ಬಾನೇ ಕೊಟ್ಬಿಡು ಅಂತ ಅಣ್ಣ ಕಿಚಾಯಿಸುತ್ತಿದ್ದ, ಬೆರಳ ಸಂದಿಯ ಚೂರೂ ಬಿಡುತ್ತಿರಲಿಲ್ಲ, ಈಗ ಬಾಳೆಹಣ್ಣನ್ನು ಅರ್ಧ ಸುಲಿದು ಅದರ ಮುಖ ನೋಡುತ್ತಾ ಕೂರುತ್ತಾಳೆ, ಅದೂ ಅವಳ ಮುಖ ನೋಡುತ್ತದೆ. ಅಜ್ಜಿಗೆ ಕಣ್ಣು ಹೋದಷ್ಟೂ ಕಿವಿ ಚುರುಕಾಯಿತು, ನಿಲ್ಲಿಸು, ಈ ಸಾಲು ನೀನು ಓದ್ಲಿಲ್ಲ ಕಣೇ, ನುಂಗ್ದೆ, ಏನಾಯ್ತು, ಅಣ್ಣ ಹೊಡೆದ್ನಾ. ಹೊಡೆದಿದ್ದ, ಹೇಗೆ ಗೊತ್ತಾಯ್ತಜ್ಜಿ, ನಾನು ಅಳಲೂ ಇಲ್ಲ. ಅತ್ತಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ ಬಿಡು. ಅಜ್ಜಿ ಹೋದ ಮೇಲೂ ಕೆಲವು ದಿನ ಮಧ್ಯಾಹ್ನ ಅದೇ ಚಾಪೆ ಹಾಸಿ, ಗೋಡೆಗೆ ಓದಿದಳು, ಎಷ್ಟೋ ಸಾಲು ಬೇಕೆಂದೇ ನುಂಗಿದಳು, ಗೋಡೆ ಏನೂ ಅನ್ನಲಿಲ್ಲ.

ಮೇಡಂ, ಹತ್ತು ಸಾಕು, ಈಗ ವಾಪಸ್ ಬಂದಿರೋದನ್ನ ಮುಗಿಸ್ಬಿಡೋಣ. ಅವಳು ಹಾಳೆ ತಿರುಗಿಸಿ ಒಂಬತ್ತನೇ ಪಾಠ ತೆಗೆಯುತ್ತಾಳೆ, ಕಿವಿ ಬಿಸಿಯಾಗುತ್ತಿದೆ, ಅಣ್ಣ, ನನ್ನಿಂದ ನಿಮಗೆ ಡಬಲ್ ಕೆಲಸ, ಇನ್ಮೇಲೆ ಹೀಗಾಗಲ್ಲ, ಹೊಟ್ಟೆ ಸರಿಹೋಗುತ್ತೆ, ಅದಕ್ಕೆ ವ್ಯವಸ್ಥೆ ಮಾಡಿದೀನಿ. ಒಂಬತ್ತು ಯಾಕೆ ತೆಗೆದ್ರಿ, ಒಂಬತ್ತರಲ್ಲಿ ಏನಿಲ್ಲ, ನಾನು ಒಂದು ಮಧ್ಯಾಹ್ನ ಪೂರ್ತಿ ಕೂತು ನಿಮ್ಮ ಹೊಟ್ಟೇನ ಕತ್ತರಿಸಿ ಹಾಕಿದೀನಿ, ಯಾರಿಗೂ ಗೊತ್ತಾಗಿಲ್ಲ, ವಾಪಸ್ ಬಂದಿರೋದು ನಾಲ್ಕನೇದು. ನಾಲ್ಕು ಅಂದರೆ ಇರುವೆಗಳ ಪಾಠ, ಚಳಿಗಾಲದಲ್ಲಿ ಓದಿದ್ದು, ಮಾತ್ರೆಗಿಂತ ಮೊದಲು, ಡಾಕ್ಟರಮ್ಮನ ಬಾಗಿಲಿಗೆ ಹೋಗುವುದಕ್ಕೂ ಮೊದಲು, ಒಂದೇ ಒಂದು ತಪ್ಪಿಲ್ಲದೆ ಒಂದೇ ಉಸಿರಿಗೆ ಮುಗಿಸಿದ್ದು, ಅದ್ಯಾಕೆ ಅಣ್ಣ, ಅದರಲ್ಲಿ ಹೊಟ್ಟೆ ಇರಲಿಲ್ಲವಲ್ಲ. ಅವನು ಹೆಡ್‌ಫೋನು ಕುತ್ತಿಗೆಗೆ ಇಳಿಸಿದ, ಕಿವಿಗಳು ಚಿಕ್ಕವು, ಮಕ್ಕಳ ಕಿವಿಗಳ ಹಾಗೆ, ಶಾಲೆಯ ಟೀಚರು ಬರೆದ ಚೀಟಿ ಓದಿದ, ಓದುವವರ ಹೆಸರು ಅದೇ ಇದೆ, ಆದರೂ ಮಕ್ಕಳು ಒಪ್ಪುತ್ತಿಲ್ಲ, ಇದು ನಮ್ಮ ಅಕ್ಕ ಅಲ್ಲ, ಬೇರೆ ಯಾರೋ, ನಮ್ಮ ಅಕ್ಕ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ, ದಯವಿಟ್ಟು ಮತ್ತೊಮ್ಮೆ ಓದಿಸಿ. ಹಳೇದು ಹಾಕ್ಲಾ, ಕೇಳ್ತೀರಾ. ಹಾಕಿ. ಇರುವೆಗಳು ಸಾಲಾಗಿ ನಡೆಯುತ್ತವೆ — ಅಕ್ಷರ ಸ್ಪಷ್ಟ, ಒತ್ತು ದೀರ್ಘ ಎಲ್ಲ ಸರಿ — ಮುಂದಿನ ಇರುವೆ ನಿಂತರೆ ಹಿಂದಿನವೆಲ್ಲ ಡಿಕ್ಕಿ ಹೊಡೆದು ಒಂದರ ಮೇಲೊಂದು ಬೀಳುತ್ತವೆ, ಇಲ್ಲಿ ಮಕ್ಕಳು ನಗಬೇಕು, ನಗಲೆಂದೇ ಬರೆದ ಸಾಲು, ಬಾವಿಯ ತಳದಿಂದ ಯಾರೋ ಸಾಮಾನಿನ ಪಟ್ಟಿ ಒಪ್ಪಿಸಿದ ಹಾಗಿದೆ, ಮತ್ತು ಗಾಜಿನಾಚೆ ಕಂಪ್ಯೂಟರಿನ ಪರದೆಯ ಮೇಲೆ, ಸದ್ದು ಬಂದಾಗೆಲ್ಲ ಏರಿಳಿಯುವ ಧ್ವನಿಯ ಗೆರೆ, ಸಾಲಿಗೂ ಸಾಲಿಗೂ ನಡುವೆ ನೇರ, ಒಂದು ಬಟ್ಟೆಯೂ ಇಲ್ಲದೆ ಬಿಗಿದು ಕಟ್ಟಿದ ಹಗ್ಗದ ಹಾಗೆ. ಇದಕ್ಕೆ ನಾನು ಕತ್ತರೀನೇ ಹಾಕಿಲ್ಲ ಮೇಡಂ, ತೆಗೆಯೋಕೆ ಏನಾದ್ರೂ ಇದ್ರೆ ತಾನೆ, ಉಸಿರು ಕೂಡ ಇಲ್ಲ, ಅವತ್ತು ಎಷ್ಟು ಖುಷಿಯಾಗಿತ್ತು ನಂಗೆ, ಬೇಗ ಮನೆಗೆ ಹೋದೆ, ಅವನು ಕತ್ತು ತಗ್ಗಿಸಿ ಹೇಳುತ್ತಾನೆ, ಕೇಳ್ಬೇಕಿತ್ತು, ಏನಮ್ಮಾ ಹುಷಾರಿದೀಯಾ ಅಂತ ಒಂದು ಮಾತು ಕೇಳ್ಬೇಕಿತ್ತು.

ಆ ದಿನ ಇಲ್ಲಿಂದ ಮನೆಗೆ ಹೋಗಿ ಒಂದು ಚಪ್ಪಲಿ ಬಿಚ್ಚಿದ್ದಳು, ಇನ್ನೊಂದನ್ನು ಯಾಕೆ ಬಿಚ್ಚಬೇಕು ಅಂತ ಹೊಳೆಯಲಿಲ್ಲ, ಬಾಗಿಲ ಬಳಿ ಹಾಗೇ ಕೂತಳು, ಫೋನಿನಲ್ಲಿ ಅಮ್ಮ, ಊಟ ಆಯ್ತೇನೇ, ಆಯ್ತಮ್ಮ, ಏನು ತಿಂದೆ, ಅನ್ನ, ಸುಳ್ಳು, ಹೊಟ್ಟೆ ಸುಳ್ಳನ್ನು ಬಯಲು ಮಾಡಲಿಲ್ಲ, ಊಟ ಕೇಳಲೂ ಇಲ್ಲ, ಅತ್ತ ಇತ್ತ ಅಲ್ಲಾಡಲಿಲ್ಲ, ಹಗ್ಗ, ಬಟ್ಟೆಯಿಲ್ಲದ ಹಗ್ಗ, ಎಷ್ಟು ತಿಂಗಳು ಹಾಗೆ, ಮೂರು, ನಾಲ್ಕು, ಆ ಮಕ್ಕಳು ಯಾವುದೋ ತರಗತಿಯಲ್ಲಿ ಕತ್ತು ಓರೆ ಮಾಡಿ ಕೇಳುತ್ತಾ, ಅಕ್ಕ ಯಾಕೆ ಬರಲಿಲ್ಲ, ಅಕ್ಕ ಎಲ್ಲಿ — ಅಣ್ಣ, ಐದು ನಿಮಿಷ ಕೊಡಿ. ಹತ್ತು ತಗೊಳ್ಳಿ, ನೀರು ತರ್ಲಾ. ತನ್ನಿ. ದಿಂಬು ನೆಲಕ್ಕೆ, ಕೈ ಬ್ಯಾಗಿನ ತಳಕ್ಕೆ, ಬಸ್ ಟಿಕೆಟು, ಹೇರ್‌ಪಿನ್ನು, ಬಿಸ್ಕತ್ತಿನ ಪೊಟ್ಟಣ, ಅದರ ಅಡಿಯಲ್ಲಿ ಶೀಟು, ಮೊದಲು ಬಿಸ್ಕತ್ತು, ಒಂದು, ಎರಡು, ಮೂರನೆಯದನ್ನು ಹಾಗೇ ಬಾಯಲ್ಲಿ ನೆನೆಸಿ, ಗಂಟಲು ಬೇಡ ಅನ್ನುತ್ತದೆ, ತಡಿ ಮಾರಾಯ್ತಿ, ನಿನ್ನ ಜೊತೆ ಜಗಳ ಇನ್ನೊಂದು ವಾರವೋ ಎರಡು ವಾರವೋ, ತೀರಾ ಆಗದಿದ್ದರೆ ಡಾಕ್ಟರಮ್ಮನಿಗೇ ಫೋನ್ ಮಾಡಿ ಚಾಡಿ ಹೇಳುತ್ತೇನೆ, ಬೆಳಿಗ್ಗೆ ಮರೆತರೆ ನೆನಪಾದಾಗ ತಗೋ ಅಂದಿದ್ದರಲ್ಲ, ಮರೆತದ್ದಲ್ಲ, ಆದರೂ ನೆನಪಾಗಿದೆ, ನೀರು, ನುಂಗಿದ್ದಾಯಿತು. ಹೆಡ್‌ಫೋನಣ್ಣ ಎಲ್ಲೋ ನೋಡುತ್ತಿರುವವನಂತೆ ನಟಿಸುತ್ತಾನೆ, ಅವನಿಗೆ ನಟನೆ ಬರುವುದಿಲ್ಲ. ದಿಂಬು ಕೊಡ್ಲಾ. ಕೊಡಿ, ಇಲ್ಲ, ಈ ಪಾಠಕ್ಕೆ ಬೇಡ, ನಿಮಗೆ ಕತ್ತರಿಸೋಕೆ ಕೆಲಸ ಆಗುತ್ತೆ ಅಷ್ಟೆ. ಆಗ್ಲಿ ಬಿಡಿ, ಸಂಬಳ ಕೊಡೋದು ಅದಕ್ಕೇ. ಅವನು ಹೆಡ್‌ಫೋನು ಏರಿಸಿ, ಗಾಜಿನಾಚೆ ಹೋಗಿ ಬೆರಳೆತ್ತುತ್ತಾನೆ, ಪರದೆಯ ಮೇಲೆ ಹಳೆಯ ಗೆರೆ ಇನ್ನೂ ಹಾಗೇ, ಈ ತುದಿಯಿಂದ ಆ ತುದಿಗೆ, ಅದರ ಕೆಳಗೆ ಹೊಸ ಗೆರೆ ಓಡತೊಡಗಿದೆ, ಅದೂ ನೇರ, ಅವಳು ಇನ್ನೂ ಬಾಯಿ ತೆರೆದಿಲ್ಲ, ಇರುವೆಗಳು ಹಾಳೆಯ ಮೇಲೆ ಕಾಯುತ್ತಿವೆ, ನೇರ, ಹಗ್ಗ, ನೇರ, ಹಗ್ಗ — ಎಲ್ಲೋ ಒಳಗೆ, ಪಕ್ಕೆಲುಬಿನ ಕೆಳಗೆ, ಗುಳುಕ್, ಹಗ್ಗದ ಮೇಲೆ ಒಂದು ಪುಟ್ಟ ಕರ್ಚೀಫು