ನರಸಿಂಹಪ್ಪನ ಮಳೆ

ಜಂಗಮಕೋಟೆಯ ನರಸಿಂಹಪ್ಪನಿಗೆ ಹಿಪ್ಪುನೇರಳೆ ತೋಟವಿತ್ತು, ಶಾಲೆಯಲ್ಲಿ ಮೇಷ್ಟರ ಕೆಲಸವಿತ್ತು, ಶ್ಯಾಮಲಮ್ಮನಂಥ ಹೆಂಡತಿಯಿದ್ದಳು. ಇಷ್ಟೆಲ್ಲ ಇದ್ದವನು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅವನಿಗೆ ಕರೆಂಟಿನಿಂದ ಸಂಗೀತ ಹುಟ್ಟಿಸುವ ಹುಚ್ಚು ಹತ್ತಿತು. ಆ ಹುಚ್ಚಿಗೆ ನಾವಿಬ್ಬರು ಜೊತೆಗಾರರು: ಚಿಂತಾಮಣಿಯಲ್ಲಿ ಗುಮಾಸ್ತನಾಗಿದ್ದ ನಾನು, ಗೌರಿಬಿದನೂರಿನಲ್ಲಿ ಲೈನ್‌ಮನ್ ಆಗಿದ್ದ ಪಾಪಯ್ಯ. ಅರವತ್ತರ ದಶಕದ ಮೊದಲ ವರ್ಷಗಳವು. ಊರಿಗೆ ನಾಲ್ಕು ರೇಡಿಯೊ ಇದ್ದರೆ ಹೆಚ್ಚು ಎನ್ನುವ ಕಾಲದಲ್ಲಿ ನಾವು ಸಿಕ್ಕ ಸಿಕ್ಕ ರೇಡಿಯೊಗಳ ಹೊಟ್ಟೆ ಬಗೆಯುತ್ತಿದ್ದೆವು.

ಪರದೇಶದಲ್ಲಿ ವಾದ್ಯವೇ ಇಲ್ಲದೆ ಬರೀ ರೇಡಿಯೊದೊಳಗಿನ ಗಾಜಿನ ವಾಲ್ವ್‌ಗಳಿಂದ ನಾದ ತೆಗೆಯುತ್ತಾರೆಂದು ನರಸಿಂಹಪ್ಪ ಯಾವುದೋ ಪತ್ರಿಕೆಯಲ್ಲಿ ಓದಿದ್ದೇ ತಡ, ಮೂವರೂ ಒಂದೊಂದು ಪೆಟ್ಟಿಗೆ ಕಟ್ಟಿದೆವು. ಅವನ ಪೆಟ್ಟಿಗೆ ಶಬ್ದ ಹುಟ್ಟಿಸಬೇಕು. ನನ್ನದು ಅದನ್ನು ತಿದ್ದಬೇಕು, ಅಂದರೆ ಗುಂಡಿ ತಿರುಗಿಸಿದಂತೆ ದಪ್ಪಗೋ ಸಣ್ಣಗೋ ಮಾಡಬೇಕು. ಪಾಪಯ್ಯನದು ಅದನ್ನು ಹೊರಗೆ ಕೇಳಿಸಬೇಕು. ತಂತಿ ಸಿಕ್ಕಿಸಿ ಮೂರನ್ನೂ ಜೋಡಿಸಿದರೆ ವಾದ್ಯ, ಬಿಚ್ಚಿದರೆ ಮೂರು ಮೂಕ ಡಬ್ಬಗಳು. ಭಾನುವಾರ ಬಂದರೆ ನಾನೂ ಪಾಪಯ್ಯನೂ ನಮ್ಮ ನಮ್ಮ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಜಂಗಮಕೋಟೆಗೆ ಹೋಗುತ್ತಿದ್ದೆವು.

ನಮ್ಮ ಸಂಗೀತಕ್ಕೆ ಶ್ರೋತೃ ಒಬ್ಬನೇ, ಪಕ್ಕದ ಮನೆಯ ಎರ್ರಪ್ಪ. ಪಾಪ, ಒಳ್ಳೆಯ ಮನುಷ್ಯ. ನಾವು ಕೊಳಲು ನುಡಿಸಿದರೆ ಕಣ್ಣು ಮುಚ್ಚಿ ಕೇಳಿ, "ಚಿಕ್ಕಬಳ್ಳಾಪುರದ ರೈಲು ಕಣಪ್ಪ, ಕೂಗು ಹಂಗೇ ಐತೆ" ಎನ್ನುತ್ತಿದ್ದ. ಕೋಗಿಲೆಯನ್ನು ಕೂಗಿಸಿದರೆ, "ರಾಟೆಗೆ ಎಣ್ಣೆ ಬಿಡ್ರಪ್ಪ" ಎಂದ. ವೀಣೆಗೆ ಮಾತ್ರ ಏನೂ ಹೇಳದೆ ಕಿವಿಯ ಹತ್ತಿರ ಕೈ ಬೀಸಿ ಸೊಳ್ಳೆ ಓಡಿಸಿಕೊಂಡ. ಆ ದಿನ ನರಸಿಂಹಪ್ಪ ಊಟ ಮಾಡಲಿಲ್ಲ.

ಇಷ್ಟೂ ನಡೆಯುತ್ತಿದ್ದುದು ರೇಷ್ಮೆಹುಳು ಸಾಕುವ ಕೊಠಡಿಗೆ ಒತ್ತಿಕೊಂಡಿದ್ದ ಸಣ್ಣ ಕೋಣೆಯಲ್ಲಿ. ಹುಳುವಿನ ಕೆಲಸವೆಲ್ಲ ಶ್ಯಾಮಲಮ್ಮನದು. ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಹೊಟ್ಟೆಗೆ ಬಿದ್ದದ್ದೇ ಗೊತ್ತಾಗದ ಹಾಗೆ ಸೊಪ್ಪು ಮೇಯುತ್ತದೆ. ಆ ಸರಸರ ಸದ್ದು ಅಡುಗೆಮನೆಯವರೆಗೂ ಬರುತ್ತದೆ. ಶ್ಯಾಮಲಮ್ಮ ತಟ್ಟೆಗಳನ್ನು ಇಣುಕಿ ನೋಡುತ್ತಿರಲಿಲ್ಲ. ಒಲೆಯ ಮುಂದೆ ಕುಳಿತೇ ಕಿವಿ ಕೊಡುತ್ತಿದ್ದಳು. ಸದ್ದು ನಿಂತಿತೋ, ಸೊಪ್ಪು ಮುಗಿಯಿತೆಂದು ಎದ್ದು ಹೋಗಿ ಹಾಕುತ್ತಿದ್ದಳು.

ಆ ಸಲ ಬೆಳೆ ದೊಡ್ಡದು. ಮೇದು ಹಣ್ಣಾದ ಹುಳು ಗೂಡು ಕಟ್ಟಲು ಚಂದ್ರಿಕೆ ಬೇಕು, ಬಿದಿರಿನ ಆ ಅಗಲವಾದ ತಟ್ಟಿಗಳನ್ನು ನಿಲ್ಲಿಸಲು ಜಾಗ ಬೇಕು. ಶ್ಯಾಮಲಮ್ಮ ನಮ್ಮ ಮೂವರ ಎದುರಿಗೇ ತೀರ್ಮಾನ ಹೇಳಿದಳು.

"ನೋಡ್ರಿ, ಹುಳ ಹಣ್ಣಾಗೋದ್ರೊಳಗೆ ನಿಮ್ಮ ಪೆಟ್ಟಿಗೆ ಏನಾದ್ರೂ ಒಂದು ಶಬ್ದ ಮಾಡ್ಲಿ. ಅದೇನು ಅಂತ ಯಾರಾದ್ರೂ ಒಬ್ರು, ನೀವು ಹೇಳ್ಕೊಡದೆ, ಸರಿಯಾಗಿ ಗುರುತು ಹಿಡೀಲಿ. ಹಿಡಿದ್ರೆ ಕೋಣೆ ನಿಮ್ದು, ನನ್ನ ಚಂದ್ರಿಕೆ ಜಗಲಿ ಮೇಲೆ. ಇಲ್ಲಾಂದ್ರೆ ಪೆಟ್ಟಿಗೆ ಅಟ್ಟಕ್ಕೆ."

"ಅಟ್ಟದಲ್ಲಿ ಕರೆಂಟಿಲ್ಲ ಕಣೇ" ಎಂದ ನರಸಿಂಹಪ್ಪ.

"ಗೊತ್ತು" ಎಂದಳು.

ಮುಂದಿನ ಭಾನುವಾರ ನಾವು ಹೋದಾಗ ನರಸಿಂಹಪ್ಪನ ಮುಖ ಬೆಳಗುತ್ತಿತ್ತು. ಅವನ ಪೆಟ್ಟಿಗೆಯಲ್ಲಿ ಒಂದು ವಾಲ್ವ್ ಕೆಟ್ಟು ಸುಮ್ಮನೆ ಸುಯ್ಯೆನ್ನುತ್ತಿತ್ತು. ಅದನ್ನು ಅಡಗಿಸಲು ತಿಂಗಳುಗಟ್ಟಲೆ ಹೆಣಗಿದವನಿಗೆ ಅದನ್ನೇ ತಿದ್ದಿದರೆ ಮಳೆಯಾಗುತ್ತದೆಂದು ಹೊಳೆದಿತ್ತು. ನನ್ನ ಗುಂಡಿಗಳನ್ನು ಅತ್ತ ಇತ್ತ ತಿರುಗಿಸಿದೆವು. ಮಧ್ಯಾಹ್ನದ ಊಟ ಮುಗಿಸಿ ಬಂದು ಕೂತ ಸ್ವಲ್ಪ ಹೊತ್ತಿಗೆ ಹೊಂಗೆ ಎಲೆಯ ಮೇಲೆ ಬೀಳುವ ಸೋನೆ ಮಳೆ ಕೋಣೆಯೊಳಗೆ ಹಿಡಿಯಿತು. ಸುಳ್ಳು ಹೇಳುವುದಿಲ್ಲ, ನನಗೆ ಮೈ ಜುಮ್ಮೆಂದಿತು.

ಆದರೆ ತೀರ್ಪು ಹೇಳಬೇಕಾದ ಎರ್ರಪ್ಪ ಅವತ್ತೇ ಕೈವಾರಕ್ಕೆ ಹೋಗಿದ್ದ. ಆರಿಸಿದರೆ ಮತ್ತೆ ಆ ಸದ್ದು ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ, ಅವನ ಬಸ್ಸು ಬರುವವರೆಗೂ ಮಳೆಯನ್ನು ಸುರಿಯಲು ಬಿಟ್ಟು ಕಾದು ಕುಳಿತೆವು.

ಅಡುಗೆಮನೆಯಿಂದ ಶ್ಯಾಮಲಮ್ಮ ಕೂಗಿ ಹೇಳಿದಳು, "ಇವತ್ತು ಪೆಟ್ಟಿಗೆ ಬಾಯಿ ಮುಚ್ಕೊಂಡಿರೋದಕ್ಕೆ ಹುಳ ಎಷ್ಟು ಚೆನ್ನಾಗಿ ಮೇಯ್ತಿವೆ ನೋಡ್ರಿ."

ನರಸಿಂಹಪ್ಪನಿಗೆ ರೇಗಿತು. "ಇಷ್ಟು ಮಳೆ ಸುರೀತಿದೆ, ಇವಳಿಗೆ ಕೇಳಿಸ್ತಾನೇ ಇಲ್ಲ" ಎಂದು ನಮ್ಮ ಹತ್ತಿರ ಗೊಣಗಿದ. ಓದಿದವರು ನಾವು ಮೂವರು. ಒಬ್ಬರಿಗೂ ಏನೂ ಹೊಳೆಯಲಿಲ್ಲ.

ಸಂಜೆಯ ಹೊತ್ತಿಗೆ ಪಾಪಯ್ಯನ ಪೆಟ್ಟಿಗೆ ಕಾದು ವಾಸನೆ ಬಂತು. ಅವನು ಸ್ವಿಚ್ಚು ಆರಿಸಿದ. ಸದ್ದು ನಿಂತಿದ್ದೇ ಶ್ಯಾಮಲಮ್ಮ ಎಂದಿನಂತೆ ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳುವಿನ ಕೊಠಡಿಗೆ ಹೋದಳು. ಹೋದವಳ ಸುಳಿವಿಲ್ಲ. ನಾನೂ ನರಸಿಂಹಪ್ಪನೂ ಎದ್ದು ಆ ಕೊಠಡಿಯ ಬಾಗಿಲಿಗೆ ಬಂದೆವು. ತಟ್ಟೆಗಳಲ್ಲಿ ಒಂದೂ ಎಲೆಯಿರಲಿಲ್ಲ, ಬರೀ ನಾರು. ಹುಳುಗಳೆಲ್ಲ ತಲೆಯೆತ್ತಿ ಅತ್ತಿತ್ತ ಹುಡುಕುತ್ತಿದ್ದವು. ಅದೇ ಹೊತ್ತಿಗೆ ಕೋಣೆಯಲ್ಲೇ ಉಳಿದಿದ್ದ ಪಾಪಯ್ಯ ಪೆಟ್ಟಿಗೆ ತಣ್ಣಗಾಯಿತೇ ನೋಡೋಣವೆಂದು ಮತ್ತೆ ಸ್ವಿಚ್ಚು ಒತ್ತಿದ. ಒಂದು ಹುಳುವೂ ಬಾಯಾಡಿಸದೆ ಕೊಠಡಿ ತುಂಬ ಮೇಯುವ ಸದ್ದು ಎದ್ದಿತು.

ಶ್ಯಾಮಲಮ್ಮ ಗೋಡೆಯ ಕಡೆ ತಿರುಗಿ ನೋಡಿದಳು. ನಾವು ನಾಲ್ಕೂ ಜನ ಕೈಗೆ ಸಿಕ್ಕಷ್ಟು ಸೊಪ್ಪು ತಂದು ಹರಡಿದೆವು. ಹುಳು ಮೇಯತೊಡಗಿದ ಮೇಲೆ ಪಾಪಯ್ಯನಿಗೆ ನಾಲಗೆ ತಡೆಯಲಾಗಲಿಲ್ಲ.

"ಅಕ್ಕ, ಗುರುತು ಹಿಡಿದಿದ್ದು ನೀವೇ ಆಯ್ತಲ್ಲ. ಕೋಣೆ ನಮ್ದೇ."

ಅವಳು ಅವನನ್ನು ನೋಡಲಿಲ್ಲ. ಗಂಡನನ್ನು ಕೇಳಿದಳು, "ನೀವು ಮಾಡಿದ್ದೇನು, ಹೇಳಿ."

ನರಸಿಂಹಪ್ಪ ಸರಿಯಾಗಿ ಸಿಕ್ಕಿಬಿದ್ದ. ಮಳೆ ಎಂದರೆ ಅವಳು ಗುರುತು ಹಿಡಿದದ್ದು ತಪ್ಪು, ಕೋಣೆ ಹೋಯಿತು. ಹುಳು ಎಂದರೆ ಕೋಣೆ ಉಳಿಯಿತು, ಆದರೆ ಬೇಕೆಂದೇ ಹುಳುವನ್ನು ಉಪವಾಸ ಕೆಡವಿದ ಹಾಗಾಯಿತು. ಪಾಪಯ್ಯ ಹಿಂದಿನಿಂದ ಹುಳು ಅನ್ನು, ಹುಳು ಅನ್ನು ಎಂದು ತಿವಿಯುತ್ತಿದ್ದ.

"ಮದುವೆಯಾಗಿ ಬಂದಾಗಿಂದ ಈ ಕಿವಿ ಒಂದ್ಸಲಾನೂ ಮೋಸ ಹೋಗಿರ್ಲಿಲ್ಲ" ಎಂದಳು ಶ್ಯಾಮಲಮ್ಮ. ಅವಳ ಕಣ್ಣು ತುಂಬಿತ್ತು.

"ಮಳೆ" ಎಂದ ನರಸಿಂಹಪ್ಪ.

ನನಗೆ ಅವನ ಮೇಲೆ ತುಂಬ ಅಭಿಮಾನ ಬಂತು, ಕೋಣೆ ಹೋಯಿತಲ್ಲ ಎಂದು ಅಷ್ಟೇ ಹೊಟ್ಟೆಯೂ ಉರಿಯಿತು. ತನ್ನ ಪೆಟ್ಟಿಗೆಯನ್ನು ಅವನೇ ಅಟ್ಟಕ್ಕೆ ಏರಿಸಿದ, ಚಂದ್ರಿಕೆಗಳನ್ನೂ ಅವನೇ ಹೊತ್ತು ತಂದು ಕೋಣೆಯಲ್ಲಿ ನಿಲ್ಲಿಸಿದ. ನಮ್ಮ ಪೆಟ್ಟಿಗೆಗಳನ್ನು ಹೊತ್ತು ಹಿಂದಿರುಗುವ ಮನಸ್ಸಾಗದೆ ಅವನ್ನೂ ಅಟ್ಟಕ್ಕೇ ಕೊಟ್ಟು ಬಂದೆವು.

ಗೂಡು ಚೆನ್ನಾಗಿಯೇ ಬಂದು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಅದಾದ ಮೇಲೆ ಒಂದು ಭಾನುವಾರ ಪೆಟ್ಟಿಗೆ ತರೋಣವೆಂದು ನಾವಿಬ್ಬರೂ ಹೋದೆವು. ಚಂದ್ರಿಕೆಗಳು ಹಿತ್ತಲಿನಲ್ಲಿ ಒಣಗುತ್ತಿದ್ದವು, ತಟ್ಟೆಗಳು ಖಾಲಿ. ನರಸಿಂಹಪ್ಪ ಜಗಲಿಯ ಮೇಲೆ ಕೂತು ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದ. ಶ್ಯಾಮಲಮ್ಮ ಅವರೆಕಾಯಿ ಬಿಡಿಸಲು ಕೂತವಳು ಎರಡು ಸಲ ಎದ್ದು ಹೋಗಿ ಬರಿದಾದ ಕೊಠಡಿಯನ್ನು ನೋಡಿಕೊಂಡು ಬಂದಳು.

"ಮನೆ ಬಿಕೋ ಅಂತಿದೆ" ಎಂದಳು, ಯಾರಿಗೂ ಅಲ್ಲದೆ. ಆಮೇಲೆ ಗಂಡನಿಗೆ, "ಅವನ್ನ ಅಟ್ಟದಿಂದ ಇಳಿಸ್ರಿ. ಮುಂದಿನ ಹುಳ ನಾಲ್ಕನೇ ಜ್ವರ ಏಳೋವರೆಗೂ ಕೋಣೆ ನಿಮ್ದೇ ಇರ್ಲಿ."

ನರಸಿಂಹಪ್ಪ ಪುಸ್ತಕಗಳನ್ನು ಅಲ್ಲಿಯೇ ಚೆಲ್ಲಿ ಎದ್ದ. ಮೂರೂ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ತಂತಿ ಸಿಕ್ಕಿಸಿ, ಬಾಗಿಲಿಗೆ ಬಂದು ಕೇಳಿದ, "ಏನು ಹಾಕ್ಲಿ? ಕೊಳಲು ಹಾಕ್ಲೇನು?"

"ಹುಳ ಹಾಕ್ರಿ" ಎಂದಳು ಶ್ಯಾಮಲಮ್ಮ, ತಲೆಯೆತ್ತದೆ.

"ಅದು ಮಳೆ ಕಣೇ" ಎನ್ನಲು ಅವನು ಬಾಯಿ ತೆರೆದದ್ದನ್ನು ನಾನೂ ಪಾಪಯ್ಯನೂ ನೋಡಿದೆವು. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕಾಯುತ್ತಿದ್ದಳು.

"ಆಗ್ಲಿ, ಹುಳಾನೇ" ಎಂದು ನರಸಿಂಹಪ್ಪ ಒಳಗೆ ಹೋಗಿ ಸ್ವಿಚ್ಚು ಒತ್ತಿದ.