ಒಟಿಲಿಯ ಎಡಗೈ

೧೮೪೯ರ ಮೇ ತಿಂಗಳು. ಡ್ರೆಸ್ಡನ್ ದಂಗೆಯೆದ್ದು ನಾಲ್ಕು ದಿನವಾಗಿತ್ತು. ಬೀದಿಗಿಳಿದರೆ ಗುಂಡು ಬೀಳುತ್ತಿದ್ದುದರಿಂದ ರಾಜನ ನೆರವಿಗೆ ಬಂದ ಪ್ರಷ್ಯದ ಸಿಪಾಯಿಗಳು ಒಂದು ಮನೆಯ ಗೋಡೆ ಒಡೆದು ಪಕ್ಕದ ಮನೆಗೆ ನುಗ್ಗುತ್ತ ಬರುತ್ತಿದ್ದರು.

ಆ ಸಾಲಿನ ಒಂದು ಮನೆಯ ಮೂರನೇ ಮಹಡಿಯಲ್ಲಿ ಒಟಿಲಿ ಕ್ರೆಸ್ನರ್ ಬೀಗದ ಕೆಲಸದ ಟ್ರೌಗಾಟನ ತೊಡೆಗೆ ಬಟ್ಟೆ ಬಿಗಿಯುತ್ತಿದ್ದಳು. ಅವನು ಕೆಳಮನೆಯ ವಿಧವೆಯ ಒಬ್ಬನೇ ಮಗ. ದಂಗೆಯಲ್ಲಿ ಗುಂಡೇಟು ತಿಂದು ಇವಳ ಬಾಗಿಲಿಗೆ ಬಂದು ಬಿದ್ದಿದ್ದ. ಊರ ದೊಡ್ಡವರ ಹೆಂಡಿರ ಮುಖಚಿತ್ರ ಬರೆದೇ ಇಪ್ಪತ್ತು ವರ್ಷ ಬದುಕಿದ ಒಟಿಲಿಗೆ ದಂಗೆಯ ಗೊಡವೆಯೇ ಇರಲಿಲ್ಲ.

"ಅಕ್ಕಾ, ನನ್ನ ಹೊರಗೆ ಹಾಕು. ಸಿಕ್ಕಿಬಿದ್ರೆ ನಿನ್ನನ್ನೂ ಬಿಡಲ್ಲ ಅವ್ರು."

"ಬಾಯ್ಮುಚ್ಕೊಂಡು ಬಿದ್ಕೋ. ಎರಡು ವರ್ಷದಿಂದ ನನ್ನ ಚಿಲಕ ಸರಿಮಾಡ್ತೀನಿ ಅಂತಿದ್ಯಲ್ಲ, ಅದನ್ನ ಮುಗಿಸ್ದೆ ಎಲ್ಲಿಗೆ ಹೋಗ್ತೀಯ?"

ನೋವಿನಲ್ಲೂ ಅವನು ನಕ್ಕ. ಅಷ್ಟರಲ್ಲಿ ಪಕ್ಕದ ಗೋಡೆ ಅದುರಿತು. ಒಟಿಲಿ ಅವನನ್ನು ಎಳೆದು ದೊಡ್ಡ ಕ್ಯಾನ್ವಾಸಿನ ಹಿಂದೆ ಬಚ್ಚಿಟ್ಟಳು.

ಗೋಡೆ ಕುಸಿದು, ಸುಣ್ಣದ ದೂಳಿನೊಳಗಿಂದ ಐವರು ಬಂದರು. ಮುಂದಿದ್ದ ಕೆಂಪು ಮೀಸೆಯ ದಫೇದಾರ ಕಂಡ ಕಂಡ ಚಿತ್ರಕ್ಕೆಲ್ಲ ಬಂದೂಕಿನ ಚೂರಿ ತಿವಿದ. ದೊಡ್ಡ ಕ್ಯಾನ್ವಾಸು ಚೀರಿತು. ಟ್ರೌಗಾಟನನ್ನು ಕೂದಲು ಹಿಡಿದು ಎಳೆದರು.

"ಗಾಯ ಆಗಿದೆ ಅವನಿಗೆ! ಕೈಯಲ್ಲಿ ಏನೂ ಇಲ್ಲ, ನೋಡಿ!"

"ಹಾಗಾದ್ರೆ ಮೆಟ್ಟಿಲಿಳಿಯೋಕೆ ಕಷ್ಟ ಪಾಪ. ಹತ್ತಿರದ ದಾರೀಲೇ ಕಳಿಸ್ತೀವಿ ಬಿಡಮ್ಮ," ಎಂದು ದಫೇದಾರ ನಕ್ಕ.

ನಾಲ್ವರು ಅವನ ಕೈಕಾಲು ಹಿಡಿದೆತ್ತಿದರು. ಒಟಿಲಿ ಕಿಟಕಿಗೆ ಅಡ್ಡ ನಿಂತು ಚೌಕಟ್ಟು ಹಿಡಿದಳು. ದಫೇದಾರ ಬಂದೂಕಿನ ಹಿಂಬದಿಯಿಂದ ಅವಳ ಬಲಗೈ ಮೇಲೆ ಎರಡು ಸಲ ಬಡಿದ. ಮೂಳೆ ಪುಡಿಯಾದ ಸದ್ದು ಅವಳಿಗೇ ಕೇಳಿತು. ಬೆರಳು ಚೌಕಟ್ಟಿನಿಂದ ಕಳಚಿದವು. ಟ್ರೌಗಾಟನ ಕೂಗು ಕೆಳಗಿನ ಕಲ್ಲುಹಾಸಿಗೆ ಬಡಿದು ನಿಂತಿತು. ಮರುಕ್ಷಣ ಅವನ ತಾಯಿಯ ಕೂಗು ಎದ್ದಿತು.

'ತಾನೇ ಹಾರಿಕೊಂಡ' ಎಂದು ವಿಚಾರಣೆಯಲ್ಲಿ ಬರೆದುಕೊಂಡರು.

"ನನ್ನ ಮಗ ಹಾರ್ಲಿಲ್ಲ ಒಟಿಲಿ. ನೀನು ಕಂಡಿದೀಯ," ಎಂದಳು ಮುದುಕಿ.

"ಕಂಡಿದೀನಮ್ಮ."

ಬೇಸಗೆಯಿಡೀ ಒಟಿಲಿ ಎಡಗೈಗೆ ಕುಂಚ ಕಲಿಸಿದಳು. ಗೆರೆ ಅಡ್ಡಾದಿಡ್ಡಿ ಹೋದಾಗ ಸಿಟ್ಟಿನಿಂದ ಕ್ಯಾನ್ವಾಸು ಹರಿದಳು, ಮತ್ತೆ ಬಿಗಿದಳು. ಚಳಿಗಾಲದ ಹೊತ್ತಿಗೆ ಆ ಕಿಟಕಿಯಲ್ಲಿ ಬೀದಿಗೆ ಮುಖಮಾಡಿ ದಫೇದಾರ ನಿಂತಿದ್ದ. ಅದೇ ಮೀಸೆ, ಅದೇ ನಗು, ಎತ್ತಿದ ಬಂದೂಕು. ಸಂತೆಗೆ ಹೊರಟ ಜನ ನಿಂತು ನೋಡಿದರು. ಕೆಲವರು ಉಗಿದರು.

ಮೂರನೇ ದಿನ ಸಿಪಾಯಿಗಳು ಬಂದು ಚಿತ್ರವನ್ನು ಬೀದಿಯಲ್ಲೇ ಸುಟ್ಟರು. ಅವಳನ್ನು ಜಡೆ ಹಿಡಿದು ಮೆಟ್ಟಿಲುದ್ದಕ್ಕೂ ಎಳೆದೊಯ್ದರು. ಎಂಟು ತಿಂಗಳು ಸೆರೆಮನೆ. ಮುದುಕಿ ರೊಟ್ಟಿ ತಂದಾಗ ಸುದ್ದಿಯನ್ನೂ ತಂದಳು: "ಅವನು ಮೀಸೆ ಬೋಳಿಸ್ಕೊಂಡ್ನಂತೆ. ಆದ್ರೂ ಹೆಂಡದಂಗಡೀಲಿ ಯಾರೂ ಪಕ್ಕ ಕೂರಲ್ವಂತೆ. ವರ್ಗ ಮಾಡಿಸ್ಕೊಂಡು ಓಡಿಹೋದ."

ಒಟಿಲಿ ನಗಲಿಲ್ಲ. "ಅಷ್ಟೇನಾ?" ಎಂದಳು.

ಬಿಡುಗಡೆಯಾದ ಮೇಲೆ ದೊಡ್ಡವರ ಹೆಂಡಿರು ಅವಳ ಮೆಟ್ಟಿಲು ಹತ್ತಲಿಲ್ಲ. ದಂಗೆಯಲ್ಲಿ ಮಕ್ಕಳನ್ನು ಕಳಕೊಂಡ ಅಗಸಗಿತ್ತಿಯರು, ಸೂಲಗಿತ್ತಿಯರು ಬಂದರು. ಕೊಂದವರ ಮುಖ ಹೇಗಿತ್ತೆಂದು ಅವರು ಹೇಳುತ್ತ ಹೋದರು, ಅವಳು ಎಡಗೈಯಲ್ಲಿ ಬರೆಯುತ್ತ ಹೋದಳು.